ಎತ್ತಿ ಕುಡಿಯುವ ನೀರು

ಶಂಕರಪುರಂನ ಶೈಲಜಮ್ಮನವರು ಮೂವತ್ತೊಂದು ವರ್ಷ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾದ ದಿನ ಶಾಲೆಯವರು ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೊಟ್ಟು ಕಳಿಸಿದರು. ಸೀಟಿಯನ್ನು ವಾಪಸ್ ಕೇಳಲು ಮರೆತರು. ಆ ಮರೆವಿನ ಫಲವನ್ನು ಬಡಾವಣೆಯ ಹೆಂಗಸರು ಏಳು ವರ್ಷದಿಂದ ಉಣ್ಣುತ್ತಿದ್ದಾರೆ.

ತಿಂಗಳಿಗೊಂದು ಭಾನುವಾರ, ಗಾಂಧಿ ಬಜಾರಿನ ಹೂವಿನವರು ಸೇವಂತಿಗೆ ಗುಡ್ಡೆಗೆ ನೀರು ಚಿಮುಕಿಸುವ ಹೊತ್ತಿಗೆ, ಮೂಲೆಯಲ್ಲಿ ಸೀಟಿ ಕೇಳುತ್ತದೆ. ಹನ್ನೆರಡು ಹೆಂಗಸರು ಓಡೋಡಿ ಬಂದು ಟೆಂಪೋ ಟ್ರಾವೆಲರ್ ಹತ್ತುತ್ತಾರೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ. ಲಾಭ ನಷ್ಟದ ಮಾತಿಲ್ಲ. ಇಷ್ಟು ಜನರನ್ನು ಸಾಲಾಗಿ ನಿಲ್ಲಿಸದಿದ್ದರೆ ಶೈಲಜಮ್ಮನವರಿಗೆ ಆ ತಿಂಗಳು ಊಟ ಸೇರುವುದಿಲ್ಲ, ಅಷ್ಟೆ.

ಈ ಪ್ರವಾಸಗಳ ಜೀವಾಳ ಒಂದು ಕೆಂಪು ನೋಟ್‌ಬುಕ್. ದಾರಿಯಲ್ಲಿ ಎಲ್ಲಿ ಹೋಗುವುದಪ್ಪಾ ಎಂಬ ಹೆದರಿಕೆಗೆ ಹೆಂಗಸರು ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನೇ ಬಿಡುತ್ತಾರೆಂದು ಮೊದಲ ವರ್ಷವೇ ಅವರಿಗೆ ಗೊತ್ತಾಗಿತ್ತು. ಅಂದಿನಿಂದ ಹೆದ್ದಾರಿಗಳ ಶೌಚಾಲಯಗಳಿಗೆಲ್ಲ ತಾವೇ ಮೊದಲು ನುಗ್ಗಿ ಮಾರ್ಕ್ಸ್ ಹಾಕಿದರು. ಒಂದಕ್ಕೆ ಹತ್ತರಲ್ಲಿ ಆರು, 'ಬಕೆಟ್ ಇದೆ, ಮಗ್ ಇಲ್ಲ.' ಇನ್ನೊಂದಕ್ಕೆ ಎರಡು, 'ಚಿಲಕದ ಬದಲು ದಾರ.' ಒಂಬತ್ತು ಪಡೆದದ್ದು ಒಂದೇ ಒಂದು. ಈ ನೋಟ್‌ಬುಕ್ ಬಂದ ಮೇಲೆ ಎಲ್ಲರೂ ಧಾರಾಳವಾಗಿ ನೀರು ಕುಡಿಯುತ್ತಿದ್ದಾರೆ ಎಂಬುದು ಅವರ ದೃಢ ನಂಬಿಕೆ. ಕುಡಿಯದವರು ಒಬ್ಬರೇ, ಪಕ್ಕದ ಮನೆಯ ರಂಗನಾಯಕಿ ಮಾಮಿ.

ಮಾಮಿಗೆ ಎಪ್ಪತ್ನಾಲ್ಕು. ಟೆಂಪೋದಲ್ಲಿ ಕಿಟಕಿ ಸೀಟು ಹಿಡಿದು, ದಾರಿಯುದ್ದಕ್ಕೂ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಹೋಗುವುದೇ ಅವರ ತಿಂಗಳ ಹಬ್ಬ. ಆದರೆ ಫೆಬ್ರವರಿಯ ಪ್ರವಾಸದಿಂದ ಮರಳುವಾಗ ತಲೆ ಸುತ್ತಿ ಬಿದ್ದು, ಡ್ರಿಪ್ ಹಾಕಿಸಿಕೊಂಡು ಮಲಗಿದರು. ಮೈಯಲ್ಲಿ ನೀರಿಲ್ಲ ಎಂದರು ಡಾಕ್ಟರು. ಮಗ ಶ್ರೀಹರಿ ಶೈಲಜಮ್ಮನವರ ಹಳೇ ಶಿಷ್ಯ. ವಯಸ್ಸು ಐವತ್ತಾದರೂ ಅವರೆದುರು ಕೈಕಟ್ಟಿಯೇ ಮಾತಾಡುವವನು. ಆದರೂ ಅಂದು ಖಡಾಖಂಡಿತವಾಗಿ ಹೇಳಿದ.

"ಟೀಚರ್, ಇನ್ನೊಂದೇ ಸಲ ಕಳಿಸ್ತೀನಿ. ಈ ಸಲಾನೂ ಅಮ್ಮಂಗೆ ತಲೆ ಸುತ್ತಿದ್ರೆ ಅಲ್ಲಿಗೆ ಮುಗೀತು. ಬೇಜಾರು ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ಮಾಮಿಯಿಲ್ಲದ ಟೆಂಪೋ ಶೈಲಜಮ್ಮನವರಿಗೆ ಉಪ್ಪಿಲ್ಲದ ಸಾರು. ಹಾಗಾಗಿ ಏಪ್ರಿಲ್‌ನಲ್ಲಿ ಮೇಲುಕೋಟೆಗೆ ಹೊರಟಾಗ ಮಾಮಿಯ ಲೀಟರ್ ಬಾಟಲಿಯ ಮೇಲೆ ನೇಲ್ ಪಾಲಿಶ್‌ನಿಂದ ಮೂರು ಕೆಂಪು ಗೆರೆ ಎಳೆದು ತಂದರು. ಬಿಡದಿಗೆ ಇಲ್ಲಿಯವರೆಗೆ, ಮದ್ದೂರಿಗೆ ಇಲ್ಲಿಯವರೆಗೆ, ಮಂಡ್ಯಕ್ಕೆ ಇಲ್ಲಿಯವರೆಗೆ.

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ನೋಡ್ತಿರಿ," ಎಂದರು ಡ್ರೈವರ್ ಮಂಜುನಾಥ್‌ಗೆ.

ಬಿಡದಿ ದಾಟಿತು, ನೀರು ಇದ್ದಲ್ಲೇ ಇತ್ತು. ಮದ್ದೂರಿನ ಬಳಿ ಒಂಬತ್ತು ಮಾರ್ಕಿನ ಶೌಚಾಲಯವಿದ್ದ ಹೋಟೆಲಿನಲ್ಲಿ ಟೆಂಪೋ ನಿಂತಿತು. ಮಾಮಿ ಹೋಗಿಬಂದು, "ಚೆನ್ನಾಗಿದೆ ಕಣೇ, ಕನ್ನಡಿನೂ ಇದೆ," ಎಂದು ಮೆಚ್ಚಿದರು. ಮತ್ತೆ ಹೊರಟಾಗ ನೋಡಿದರೆ ಬಾಟಲಿಯ ನೀರು ಮದ್ದೂರಿನ ಗೆರೆಗಿಂತ ಎರಡು ಬೆರಳು ಕೆಳಗಿದೆ! ಶೈಲಜಮ್ಮನವರು ಹಿಗ್ಗಿ ಹೀರೇಕಾಯಿಯಾದರು. ಆಗ ಮಂಜುನಾಥ್ ಕನ್ನಡಿಯಲ್ಲೇ ಅವರನ್ನು ನೋಡಿ ಮೆಲ್ಲಗೆ ಹೇಳಿದ.

"ಮೇಡಂ, ಆ ಮಾಮಿ ಹೋಟ್ಲು ಮುಂದಿನ ತುಳಸಿಗೆ ನೀರು ಹಾಕಿ ಕೈಮುಗೀತಿದ್ರು."

ಶೈಲಜಮ್ಮ ಎದ್ದುಹೋಗಿ ಮಾಮಿಯ ಪಕ್ಕ ಧೊಪ್ಪೆಂದು ಕೂತರು.

"ಏನ್ ಮಾಮಿ ಇದು? ನನಗೇ ಟೋಪಿ ಹಾಕ್ತೀರಾ? ಶ್ರೀಹರಿ ಹೇಳಿದ್ದು ಮರೆತ್ರಾ? ಕುಡೀರಿ, ನನ್ನ ಕಣ್ಮುಂದೆ ಕುಡೀರಿ."

ಮಾಮಿ ಸುತ್ತ ಒಮ್ಮೆ ನೋಡಿದರು. ಬಾಟಲಿ ಎತ್ತಿದರು. ತುಟಿಗೆ ತಾಗಿಸಲಿಲ್ಲ, ಗೇಣುದ್ದ ಮೇಲೆ ಹಿಡಿದು ಬಾಯಿಗೆ ಬಿಟ್ಟುಕೊಂಡರು. ಅಷ್ಟರಲ್ಲಿ ಹಂಪ್ ಬಂತು. ನೀರು ಮೂಗಿಗೆ, ಕನ್ನಡಕಕ್ಕೆ, ಕುತ್ತಿಗೆಗೆ, ಸೀರೆಗೆ ಹಂಚಿಹೋಯಿತು. ಗಂಟಲಿಗೆ ಮಾತ್ರ ಪಾಲು ಸಿಗಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

"ನೋಡಿದ್ಯಾ?" ಮಾಮಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಹೋದ ಸಲಾನೂ ಹಿಂಗೇ ಆಯ್ತು. ಎದೆ ಮೇಲೆಲ್ಲಾ ಒದ್ದೆ ಮಾಡ್ಕೊಂಡು ದೇವಸ್ಥಾನಕ್ಕೆ ಹೋಗ್ಲಾ? ಕಚ್ಚಿ ಕುಡಿಯೋದಂತೂ ನನ್ನಿಂದಾಗಲ್ಲ ಕಣೇ. ಎಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗೇ ಮೇಲೆ ಹೋಗತ್ತೆ."

"ಹೇಳೋದಲ್ವಾ ಮಾಮಿ?"

"ಏನಂತ ಹೇಳ್ಲಿ? ನೀರು ಕುಡಿಯಕ್ಕೆ ಬರಲ್ಲ ಅಂತನಾ?"

ಶೈಲಜಮ್ಮನವರಿಗೆ ನಾಚಿಕೆಯಾಯಿತು. ನೀರು ಹೋಗಲು ಜಾಗ ಎಲ್ಲಿದೆ ಎಂದು ಏಳು ವರ್ಷ ಬರೆದಿದ್ದರು. ಒಳಗೆ ಹೇಗೆ ಇಳಿಯುತ್ತದೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೆಂಪು ನೋಟ್‌ಬುಕ್ಕನ್ನು ಚೀಲದ ತಳಕ್ಕೆ ತುರುಕಿದರು. ಕತ್ತಿನಲ್ಲಿದ್ದ ಸೀಟಿ ಬಾಯಿಗೆ ಬಂತು. ಪೀ...!

ಮಂಜುನಾಥ್ ಹೌಹಾರಿ ಟೆಂಪೋವನ್ನು ಹೊಂಗೆ ಮರವೊಂದರ ನೆರಳಿಗೆ ತಂದು ನಿಲ್ಲಿಸಿದ.

"ಎಲ್ರೂ ಇಳೀರಿ! ಬಾಟ್ಲು ಕೈಲಿರ್ಲಿ. ಒಂದು ಕೈ ದೂರ ನಿಂತ್ಕೊಳ್ಳಿ. ತಲೆ ಮೇಲೆ! ಎತ್ತಿ!"

ಹನ್ನೆರಡು ಹೆಂಗಸರು ರಸ್ತೆಬದಿಯಲ್ಲಿ ಸಾಲಾಗಿ ನಿಂತು, ಆಕಾಶ ನೋಡುತ್ತಾ ಗಟಗಟನೆ ಕುಡಿದರು. ಬೈಕಿನವನೊಬ್ಬ ನಿಲ್ಲಿಸಿ, ಇದೇನು ಹರಕೆಯೇ ಎಂದು ಕೇಳಿ ಹೋದ. ಮಾಮಿಯ ಬಾಟಲಿ ಒಂದೇ ಏಟಿಗೆ ಮಂಡ್ಯದ ಗೆರೆ ದಾಟಿತು. ಇನ್ನೊಂದು ಆಶ್ಚರ್ಯವೆಂದರೆ, ಉಳಿದವರಲ್ಲೂ ಐವರು ಇಷ್ಟು ದಿನ ಬರೀ ಗಂಟಲು ಒದ್ದೆ ಮಾಡಿಕೊಂಡೇ ಕಾಲ ತಳ್ಳಿದವರೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಕಿಸಕ್ಕೆಂದ ಹೆಂಗಸು ಎಲ್ಲರಿಗಿಂತ ಜಾಸ್ತಿ ಕುಡಿದಳು.

ಅಲ್ಲಿಂದ ಮುಂದೆ ಮುಕ್ಕಾಲು ಗಂಟೆಗೊಂದು ಸೀಟಿ, ಒಂದು ಮರ, ಒಂದು ಸಾಲು. ಬೆಟ್ಟದ ಮೆಟ್ಟಿಲಿನಲ್ಲೂ ಬಿಡಲಿಲ್ಲ. ಮಾಮಿ ಮೇಲೇರಿ ನಿಂತು, ಕೆಳಗಿನ ಅಂಗಡಿಗಳ ಬೋರ್ಡುಗಳನ್ನು ಅಲ್ಲಿಂದಲೇ ಓದಲು ಹೊರಟರು.

ಇಷ್ಟೆಲ್ಲಾ ನಿಂತು ನಿಂತು ಬಂದದ್ದರಿಂದ ಆರಕ್ಕೆ ಮುಟ್ಟಬೇಕಾದವರು ಶಂಕರಪುರಂ ಮುಟ್ಟಿದ್ದು ಏಳೂವರೆಗೆ. ಶ್ರೀಹರಿ ಗೇಟಿನಲ್ಲೇ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಮಾಮಿ ಯಾರ ಕೈಯನ್ನೂ ಹಿಡಿಯದೆ ಇಳಿದರು.

"ಯಾಕಮ್ಮಾ ಇಷ್ಟು ಲೇಟು? ತಲೆ ಸುತ್ತಿತಾ?"

"ಯಾರಿಗೆ? ನಾನು ಗಟ್ಟಿಮುಟ್ಟಾಗಿದೀನಪ್ಪ. ಟೀಚರ್‌ನ ಕೇಳು."

ಟೀಚರ್ ಟೆಂಪೋದಿಂದ ಇಳಿದವರೇ ಗೇಟಿನ ಕಂಬ ಹಿಡಿದುಕೊಂಡಿದ್ದರು. ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ಮಾಮಿ ಸೀದಾ ಅವರ ಚೀಲಕ್ಕೆ ಕೈಹಾಕಿ ಬಾಟಲಿ ಹೊರತೆಗೆದರು. ಬಾಟಲಿ ತುಂಬಿತ್ತು. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ದಿನವಿಡೀ ಬಾಯಲ್ಲಿ ಸೀಟಿ ಇದ್ದರೆ ನೀರಿಗೆ ಜಾಗವೆಲ್ಲಿ?

"ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ಬಾನಿಗೆ ಬಿತ್ತಂತೆ," ಎಂದು ಮಾಮಿ ಸೀಟಿಯನ್ನು ಅವರ ಕತ್ತಿನಿಂದ ತೆಗೆದು ತಮ್ಮ ಕತ್ತಿಗೆ ಹಾಕಿಕೊಂಡರು. ಎಡಗೈಯಲ್ಲಿ ಶೈಲಜಮ್ಮನವರ ಬೆನ್ನು ಹಿಡಿದು, ಬಾಟಲಿ ಕೊಟ್ಟು, ಬೀದಿಗೆಲ್ಲ ಕೇಳುವಂತೆ ಊದಿದರು. ಶ್ರೀಹರಿ ಅಭ್ಯಾಸಬಲದಿಂದ ನೆಟ್ಟಗೆ ನಿಂತ.

"ಶೈಲಜಾ, ಎತ್ತು!"

ಶೈಲಜಮ್ಮ ಎತ್ತಿದರು. ಅರ್ಧ ಬಾಟಲಿ ಖಾಲಿಯಾದ ಮೇಲೆ ಮುಖಕ್ಕೆ ಕಳೆ ಬಂತು. ಶ್ರೀಹರಿ ಇಬ್ಬರನ್ನೂ ನೋಡಿದ. ಕಟ್ಟಿದ್ದ ಕೈ ಬಿಚ್ಚಿ ಅಮ್ಮನಿಗೆ ಹೇಳಿದ:

"ಮುಂದಿನ ತಿಂಗಳಿಂದ ಟೀಚರ್‌ನ ಒಬ್ರನ್ನೇ ಬಿಡ್ಬೇಡಮ್ಮ. ನೀನು ಜೊತೇಲಿರು."