ಅಕ್ಕನ ಬೆಲ್ಲಕ್ಕೆ ಬಿದ್ದ ಕೀಲಿ

ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಅಕ್ಕನ ರಕ್ತದ ರಿಪೋರ್ಟ್ ಕೆಟ್ಟದ್ದೇ ಬರಬಹುದಿತ್ತು. ಅವಳ ನರಗಳಿಗೇ ವಿಷ ತಾಗಿರಬಹುದಿತ್ತು. ಅದನ್ನು ಕೇಳಿ ನಾನು ಕುಸಿದು ಬಿದ್ದು, ಪೇಷಂಟ್ ಅಕ್ಕನೇ ನನಗೆ ಗಾಳಿ ಬೀಸಬೇಕಾಗಬಹುದಿತ್ತು. (ನನ್ನನ್ನು ಬಲ್ಲವರು ಈ ಕೊನೆಯದಕ್ಕೇ ಬಾಜಿ ಕಟ್ಟುತ್ತಾರೆ.) ವಿಜಯಪುರದಿಂದ ಅಕ್ಕನ ಊರು ಸಾಲೋಟಗಿ ಮುಟ್ಟುವಷ್ಟರಲ್ಲಿ ಇಷ್ಟನ್ನೂ ಎರಡೆರಡು ಸಲ ಅನುಭವಿಸಿ ಮುಗಿಸಿದ್ದೆ.

ಅಕ್ಕನದು ಲಿಂಬೆ ತೋಟ. ಹೋದ ವಾರ ಗಿಡಗಳಿಗೆ ಎಣ್ಣಿ ಹೊಡೆಯುವಾಗ (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು) ತಲೆ ತಿರುಗಿ ಬಿದ್ದಿದ್ದಳು.

"ಮಾರಿಗೆ ಬಟ್ಟಿ ಕಟ್ಟಿದ್ದಿಲ್ಲೇನು?" ಫೋನಿನಲ್ಲಿ ಕೂಗಿದ್ದೆ.

"ಬೆಲ್ಲ ತಿಂದಿದ್ನಲ್ಲೋ!"

ಬೆಲ್ಲ?

ಇದರ ಮೂಲ ಅವಳ ಮಗಳು ಶಿಲ್ಪಾ. ಧಾರವಾಡದಲ್ಲಿ ರಿಸರ್ಚ್ ಮಾಡುತ್ತಾಳೆ. ರಜೆಗೆ ಬಂದಾಗ ಅವ್ವನಿಗೆ ತನ್ನ ಕೆಲಸ ವಿವರಿಸಿದ್ದಳಂತೆ: ಇಂಥ ಕೆಲವು ವಿಷಗಳನ್ನು ನರಕ್ಕೆ ಮುಟ್ಟುವ ಮೊದಲೇ ಹಿಡಿದುಹಾಕುವ ಪ್ರೋಟೀನ್ ಒಂದು ರಕ್ತದಲ್ಲಿದೆ, ಅದರ ಮೈಗೆ ಸಕ್ಕರೆಯ ಎಳೆಗಳು ಅಂಟಿಕೊಂಡಿರುವುದರಿಂದ ಅದು ಹೆಚ್ಚು ದಿನ ಬಾಳುತ್ತದೆ. ಅಕ್ಕ ಎಲ್ಲ ಸರಿಯಾಗಿಯೇ ಕೇಳಿಸಿಕೊಂಡಳು. ಮರುದಿನದಿಂದ ಮುಖದ ಬಟ್ಟೆ ಬಿಟ್ಟಳು. ದವಡೆಗೆ ಬೆಲ್ಲ ಒತ್ತಿಕೊಂಡು ಪಂಪು ಹೆಗಲಿಗೇರಿಸಿದಳು.

"ಆ ಸಕ್ರಿ ಮೈಯೊಳಗಿನ ಜೀವಕೋಶಗಳು ತಾವ ಅಂಟಸ್ತಾವ್ರಿ ಮಾಮಾ. ತಿಂದ ಬೆಲ್ಲ ಹೋಗಿ ಕಾವಲ ಕುಂದ್ರಂಗಿಲ್ಲ," ನಾನು ಬಸ್ಸಿಳಿದು ಬರುವಷ್ಟರಲ್ಲಿ ಅಂಗಳದಲ್ಲೇ ರಿಪೋರ್ಟ್ ಹಿಡಿದು ನಿಂತಿದ್ದ ಶಿಲ್ಪಾ ಅಂದಳು. "ರಿಪೋರ್ಟ್ ಚಲೋ ಐತಿ. ಉಸಿರು ಬಿಡ್ರಿ ಇನ್ನ."

ಬಿಟ್ಟೆ. ಒಳಗಿನಿಂದ ಅಕ್ಕ ಬಂದಳು. "ಮಾರಿ ಯಾಕೋ ಹಂಗ ಮಾಡೀದಿ? ನಾ ಇನ್ನೂ ಇದ್ದೇನಿ!"

ಇದ್ದಾಳೆ. ನಮ್ಮವ್ವ ತೀರಿಹೋದ ಮೇಲೆ ಹೊಸ್ತಿಲಲ್ಲಿ ನಿಲ್ಲಿಸಿ, ನೀರಿನ ತಂಬಿಗೆಯ ಜೊತೆ ಬೆಲ್ಲ ಕೊಡುವವಳು ನನಗೆ ಇವಳೊಬ್ಬಳೇ. ಕಲ್ಲಿನಿಂದ ಒಡೆದ ತುಂಡು. ಅದಕ್ಕೆ ಅವಳ ಬೆರಳಿನ ಲಿಂಬೆ ವಾಸನೆ. ಊರಲ್ಲಿ ಯಾರ ಮನೆಯ ಫಿಲ್ಟರ್ ನೀರು ಕುಡಿದರೂ ನನ್ನ ನಾಲಗೆ ಆ ತುಂಡಿಗಾಗಿ ಕಾಯುತ್ತದೆ. ಐವತ್ತು ದಾಟಿದವನಿಗೆ ಇದೆಲ್ಲ ಶೋಭೆಯೇ? ಆದರೆ ನಿಜ ಹೇಳಲೇ? ಅಷ್ಟು ಹೆದರಿದ್ದರಲ್ಲಿ ಅರ್ಧ ಆ ತುಂಡಿಗಾಗಿಯೇ.

ತಂಬಿಗೆ ಬಂತು. ಅಭ್ಯಾಸಬಲದಿಂದ ಅಂಗೈ ಚಾಚಿದೆ.

ಅಕ್ಕ ಮಗಳ ಕಡೆ ನೋಡಿದಳು. "ಡಬ್ಬಿಗೆ ಕೀಲಿ ಹಾಕ್ಯಾಳೋ ತಮ್ಮಾ. ನಾ ಬಟ್ಟಿ ಕಟ್ಟಿ ಎಣ್ಣಿ ಹೊಡದು ತೋರಿಸೂ ತನಕ ಬೆಲ್ಲ ಇಲ್ಲಂತ."

ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಇರದ ಅನಾಹುತ ಇದೊಂದೇ: ಅಕ್ಕನ ಮನೆಯ ನೀರು ಮೊದಲ ಸಲ ಬರೀ ನೀರಾಗಿತ್ತು.