ಕೊತ್ತಿ ಮನಗೈತೆ ಕಣವ್ವ

ನಮ್ಮ ಅತ್ತೆ ಲಕ್ಕಮ್ಮನವರು ಎದ್ದು ನಿಂತರೆ ಎಷ್ಟು ಎತ್ತರ ಎಂಬುದು ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು ಮುಗಿಸುತ್ತಿದ್ದರು. ನಾನು ಕಣ್ಣುಜ್ಜಿಕೊಂಡು ಹೊರಗೆ ಬರುವ ಹೊತ್ತಿಗೆ ನಡುಮನೆಯ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಾಗಿರುತ್ತಿತ್ತು. ಮಡಿಲಲ್ಲಿ ಒಂದು ಬೂದು ಬೆಕ್ಕು, ಅವರ ಬಾಯಲ್ಲಿ ಕೊತ್ತಿ. ಆಮೇಲೆ ಸಂಜೆ ದನ ಮನೆಗೆ ಬರುವವರೆಗೂ ಅವರನ್ನು ಅಲ್ಲಿಂದ ಎಬ್ಬಿಸುವುದು ಮನೆದೇವರ ಕೈಲೂ ಆಗುತ್ತಿರಲಿಲ್ಲ.

ಒಲೆಯ ಮೇಲೆ ಸಾರು ಉಕ್ಕಲಿ, ಅಂಗಳಕ್ಕೆ ನೆಂಟರು ಬಂದು ನಿಲ್ಲಲಿ, ಅವರದು ಒಂದೇ ಮಾತು. "ಕೊತ್ತಿ ಮನಗೈತೆ ಕಣವ್ವ. ನೀನೇ ಒಸಿ ಎದ್ದೋಗು."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ತವರು ಚಿಕ್ಕನಾಯಕನಹಳ್ಳಿ, ಸೇರಿದ್ದು ತುರುವೇಕೆರೆ ಹತ್ತಿರದ ಈ ತೆಂಗಿನ ತೋಟದ ಮನೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ಕೆಲಸ ಮಾತ್ರ ಹತ್ತು ಜನರದ್ದು. ಮದುವೆಗೆ ಮುಂಚೆ ನನ್ನಮ್ಮ ಅಡಿಗೆ, ರಂಗೋಲಿ, ಹೊಲಿಗೆ ಎಲ್ಲ ಕಲಿಸಿದ್ದಳು. ಹಗಲು ಹೊತ್ತಿನಲ್ಲಿ ಒಂದು ಗಳಿಗೆ ಕೂರುವುದು ಹೇಗೆ ಎಂಬುದನ್ನು ಕಲಿಸಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಒಡವೆಯಲ್ಲ, ಸೀರೆಯಲ್ಲ, ಕೂರುವುದು.

ಆ ಮನೆಯ ಕಾನೂನು ಸರಳವಾಗಿತ್ತು. ಯಾರ ಮಡಿಲಲ್ಲಿ ಬೆಕ್ಕು ಮಲಗಿದೆಯೋ ಅವರು ಏಳಬೇಕಿಲ್ಲ, ಅವರನ್ನು ಯಾರೂ ಕೂಗುವಂತಿಲ್ಲ. ಇದಕ್ಕೆ ಅತ್ತೆ ಕೊಡುತ್ತಿದ್ದ ಕಾರಣವೂ ಗಟ್ಟಿಯಾಗಿತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹರಡಿದರೆ, ಅದು ಒಳಗೇ ಒಣಗಿ ಕೊಬ್ಬರಿಯಾಗಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಅಷ್ಟು ದಿನವೂ ಇಲಿಗಳಿಗೆ ಅದು ಛತ್ರದ ಊಟ. ರಾತ್ರಿಯೆಲ್ಲ ಅಟ್ಟ ಕಾಯುವುದು ಬೆಕ್ಕು, ಹಗಲು ಅದಕ್ಕೆ ನಿದ್ದೆ ಬೇಕು. ನನ್ನ ಯಜಮಾನರು ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದವರು. ಅತ್ತೆ ಅದನ್ನೇ ಹಿಡಿದುಕೊಂಡಿದ್ದರು. "ನಿನ್ ಗಂಡ ರಾತ್ರಿ ಪಾಳಿ ಮುಗಿಸ್ಕಂಡು ಬಂದು ಮನಗಿದ್ರೆ ಎಬ್ಬಿಸ್ತೀಯಾ? ಇದೂ ರಾತ್ರಿ ಪಾಳೀದೇ ಕಣೇ."

ಮಾವನವರೂ ಈ ಕಾನೂನಿಗೆ ತಲೆಬಾಗಿದವರೇ. ತಿಪಟೂರಿನ ಸಂತೆಯಿಂದ ಹಸಿದು ಬಂದವರು ನಡುಮನೆಗೆ ಇಣುಕಿ ನೋಡಿ, ಬೆಕ್ಕು ಕಂಡರೆ ಮಾತಾಡದೆ ಅಡಿಗೆಮನೆಗೆ ಹೋಗಿ ತಾವೇ ಮುದ್ದೆ ಹಾಕಿಕೊಳ್ಳುತ್ತಿದ್ದರು. ಊರಲ್ಲಿ ಅವರು ನಾಲ್ಕು ಜನರ ಜಗಳ ಬಿಡಿಸುವ ದೊಡ್ಡ ಮನುಷ್ಯರು.

ಈ ಕಾನೂನನ್ನು ಮುರಿದವರು ನನ್ನ ಸೋದರಮಾವ ಒಬ್ಬರೇ. ನನ್ನನ್ನು ನೋಡಿಹೋಗಲು ಬಂದವರು, "ಏನ್ರೀ ಬೀಗ್ತಿ, ಒಂದು ಕೊತ್ತಿಗೆ ಇಷ್ಟು ಮರ್ಯಾದೆನಾ?" ಎನ್ನುತ್ತಾ ಅದರ ಕತ್ತು ಹಿಡಿದು ಎತ್ತಿ ಆಚೆ ಬಿಟ್ಟರು. ಅತ್ತೆ ನಕ್ಕರು. ಆದರೆ ಆ ಸಲ ಅಟ್ಟದಿಂದ ಕಾಯಿ ಇಳಿಸಿದಾಗ ಇಲಿ ಕೊರೆದದ್ದನ್ನೆಲ್ಲ ಬೇರೆ ತೆಗೆಸಿ ಒಂದು ಮಂಕರಿಯಲ್ಲಿ ತುಂಬಿಟ್ಟರು. ಸೋದರಮಾವ ಮತ್ತೆ ಬಂದಾಗ ಆ ಮಂಕರಿಯನ್ನು ಅವರ ಮುಂದಿಡಿಸಿ, ಇವೆಲ್ಲ ಅವತ್ತಿನವು ಎಂದರು. ಒಂದು ಹಗಲಿನ ನಿದ್ದೆ ಕೆಟ್ಟದ್ದಕ್ಕೆ ಅಷ್ಟು ಕಾಯಿ ಹಾಳಾಗುತ್ತವೆಯೇ ಎಂದು ಕೇಳುವ ಧೈರ್ಯ ಪಾಪ ಅವರಿಗೆ ಬರಲಿಲ್ಲ. ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಹೊಸ್ತಿಲಲ್ಲೇ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಆ ಮನೆಯಲ್ಲಿ ಪ್ರಾಣಸಂಕಟ ನನ್ನ ಪಾಲಿಗೂ ಬಂದಿತ್ತು. ಆದ್ದರಿಂದ ಬೆಕ್ಕನ್ನೇ ಒಲಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಅದು ಅತ್ತೆಯ ಮೇಲೇ ಏಕೆ ಮಲಗುತ್ತದೆ ಎಂದು ವಿಚಾರಿಸಿದೆ. ಮೈಶಾಖಕ್ಕೆ ಎಂದರು ಮಾವ. ತಲೆಗೆ ಹಾಕುವ ಕೊಬ್ಬರಿ ಎಣ್ಣೆಯ ವಾಸನೆಗೆ ಎಂದರು ಯಜಮಾನರು. ನನಗೆ ಅನುಮಾನವಿದ್ದದ್ದು ಅತ್ತೆಯ ತೊಡೆಯ ಮೇಲಿರುತ್ತಿದ್ದ ಕರಿ ಕಂಬಳಿಯ ಮೇಲೆ.

ಒಂದು ಸಲ ಅತ್ತೆ ಯಾರದೋ ಮದುವೆಗೆಂದು ಮೂರ್ನಾಲ್ಕು ದಿನ ತಿಪಟೂರಿಗೆ ಹೋದರು. ಸಿಕ್ಕಿದ್ದೇ ಸಮಯವೆಂದು ತಲೆಗೆ ಎಣ್ಣೆ ಸುರಿದುಕೊಂಡು, ಕಂಬಳಿ ಹೊದ್ದು, ಅದೇ ಕಂಬಕ್ಕೆ ಒರಗಿ ಕಾಲು ಚಾಚಿದೆ. ಬೆಕ್ಕು ಬಂತು, ಮೂಸಿತು, ನನ್ನ ಮುಖವನ್ನೊಮ್ಮೆ ನೋಡಿ ರಾಗಿ ಮೂಟೆಯ ಮೇಲೆ ಹೋಗಿ ಮಲಗಿತು. ಮರುದಿನ ಬೆರಳಿಗೆ ಬೆಣ್ಣೆ ಸವರಿಕೊಂಡು ಕೂತೆ. ಬೆಣ್ಣೆ ನೆಕ್ಕಿ, ಮೀಸೆ ಒರೆಸಿಕೊಂಡು, ಮತ್ತೆ ರಾಗಿ ಮೂಟೆಗೇ ಹೋಯಿತು. ಅದರ ಮಾರನೆಯ ದಿನ ಏನನ್ನಿಸಿತೋ, ಬಂದು ಮಡಿಲಲ್ಲಿ ಸುತ್ತಿಕೊಂಡು ಮಲಗಿತು. ನನಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಮಾವ ಅಂಗಳದಿಂದ ಬಿಂದಿಗೆ ಎಲ್ಲಿದೆಯಮ್ಮ ಎಂದರು. ಅಷ್ಟೇ, ನಾನು ಧಡಕ್ಕನೆ ಎದ್ದು ನಿಂತಿದ್ದೆ. ಬೆಕ್ಕು ನೆಲದ ಮೇಲಿತ್ತು. ಆಮೇಲೆ ಅದು ನನ್ನ ಹತ್ತಿರಕ್ಕೂ ಸುಳಿಯಲಿಲ್ಲ.

ಅತ್ತೆ ಊರಿಂದ ಬಂದವರೇ ಕಂಬಳಿ ಮೂಸಿ ನೋಡಿದರು. ನಾನು ಮಾಡಿದ್ದೆಲ್ಲ ಗೊತ್ತಾಯಿತು. ನಾನೂ ಸಿಟ್ಟಿನಲ್ಲಿದ್ದೆ. ನನ್ನ ಮೇಲೆ ಅದು ಏಕೆ ಮಲಗುವುದಿಲ್ಲ ಎಂದು ಅವರನ್ನೇ ಕೇಳಿಬಿಟ್ಟೆ.

"ನೀನು ಕೂತಿದ್ರೂವೆ ಏಳೋಳಂಗೇ ಕೂತಿರ್ತೀಯ ಕಣೇ," ಎಂದರು. "ಕೊತ್ತಿಗೆ ಬೆಣ್ಣೆ ಬೇಡ, ಕಂಬ್ಳಿ ಬೇಡ. ಇವಳು ಏಳಲ್ಲ ಅಂತ ಗೊತ್ತಾಗ್ಬೇಕು. ಅಂಥೋರ್ ಮೇಲೆ ಮನಗ್ತದೆ."

ಆಮೇಲೆ ಮೆಲ್ಲಗೆ ಒಂದು ಹಳೆಯ ವಿಷಯ ಹೇಳಿದರು. ಅವರ ಅತ್ತೆಯ ಕಾಲದಲ್ಲಿ ಇವರು ಕೂರುತ್ತಿದ್ದದ್ದು ಊಟಕ್ಕೆ ಮಾತ್ರ, ಅದೂ ಎಲ್ಲರದೂ ಆದಮೇಲೆ. ಒಂದು ದಿನ ಜ್ವರ ಬಂದು ಈ ಕಂಬಕ್ಕೆ ಒರಗಿದ್ದಾಗ ಆಗಿನ ಬೆಕ್ಕು ಬಂದು ಮಡಿಲಲ್ಲಿ ಮಲಗಿತಂತೆ. ಅವರತ್ತೆ ಒಳಗಿನಿಂದ ಕೂಗಿದರಂತೆ.

"ಕೊತ್ತಿ ಮನಗೈತೆ, ಎಬ್ಬಿಸಿದ್ರೆ ರಾತ್ರಿ ಅಟ್ಟ ಹತ್ತಲ್ಲ ಅಂದ್ಬುಟ್ಟೆ. ಬಾಯಿಗೆ ಬಂದಿದ್ದು ಅಂದೆ ಕಣವ್ವ. ನಮ್ಮತ್ತೆ ಸುಮ್ಕಾಗ್ಬುಟ್ರು. ಕೊಬ್ರಿ ಅಂದ್ರೆ ಯಾರ್ ತಾನೆ ಸುಮ್ಕಾಗಲ್ಲ?"

ಹಾಗಾದರೆ ಆ ಕಾನೂನು, ರಾತ್ರಿ ಪಾಳಿ, ಮಂಕರಿ, ಎಲ್ಲ ಇವರೇ ಕಟ್ಟಿದ್ದು! ನನಗೆ ನಗುವೂ ಬಂತು, ಉರಿಯೂ ಬಂತು. ಅಷ್ಟೆಲ್ಲ ಅನುಭವಿಸಿದವರು ನನ್ನನ್ನು ಒಂದು ದಿನವಾದರೂ ಕೂರಿಸಬಾರದಿತ್ತೇ ಎಂದೆ.

"ನನ್ನ ಯಾರು ಕೂರ್ಸಿದ್ರು? ನಾನೇ ಕೂತ್ಕಂಡೆ," ಎಂದರು ಅತ್ತೆ. ಬೆಕ್ಕು ಅಷ್ಟರಲ್ಲಿ ಅವರ ಮಡಿಲು ಸೇರಿತ್ತು. ಕಾಫಿ ಮಾಡಲು ನಾನೇ ಎದ್ದೆ.

ವರ್ಷಗಳು ಕಳೆದವು. ಆ ಬೆಕ್ಕು ಹೋಗಿ ಅದರ ಮರಿ ದೊಡ್ಡದಾಯಿತು. ನಾನು ಬೆಕ್ಕಿಲ್ಲದೆಯೂ ಆಗೊಮ್ಮೆ ಈಗೊಮ್ಮೆ ಕೂರುವುದನ್ನು ಕಲಿತೆ, ಆದರೆ ಒಂದು ಕಿವಿ ಅಂಗಳದ ಕಡೆಗೇ ಇರುತ್ತಿತ್ತು. ಅತ್ತೆಗೆ ಉಬ್ಬಸ ಹತ್ತಿತು. ತುರುವೇಕೆರೆಯ ಡಾಕ್ಟರು ಮಂಚದಿಂದ ಇಳಿಯಲೇಬಾರದು ಎಂದು ಹೇಳಿ ಹೋದರು. ಕೆಮ್ಮು ಬಂದಾಗಲೆಲ್ಲ ಅವರ ಮೈ ಅದುರುತ್ತಿದ್ದುದರಿಂದ ಬೆಕ್ಕಿಗೆ ಅವರ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದೆ. ಉಸಿರು ಬಹಳ ಸಣ್ಣಗಿತ್ತು. ಈ ಮುದುಕಿ ಹೋಗಿಬಿಟ್ಟರೆ ಜಗಳಕ್ಕೆ ನನಗೆ ಯಾರಿದ್ದಾರೆ ಎಂದು ಭಯ. ಒಲೆ, ದನ, ಬಿಂದಿಗೆ ಯಾವುದೂ ನೆನಪಿಗೆ ಬರಲಿಲ್ಲ. ಎಷ್ಟು ಹೊತ್ತಾಗಿತ್ತೋ, ನೋಡುತ್ತೇನೆ, ಬೆಕ್ಕು ನನ್ನ ಮಡಿಲಲ್ಲಿ ಗೊರಗುಟ್ಟುತ್ತಾ ಮಲಗಿದೆ.

ಅತ್ತೆ ಕಣ್ಣು ಬಿಟ್ಟು ನೀರು ಕೇಳಿದರು. ನಾನು ಬೆಕ್ಕನ್ನು ಎತ್ತಿಡಲು ಕೈ ಹಾಕಿದೆ.

"ಬುಡು. ಎಬ್ಬಿಸ್ಬ್ಯಾಡ."

ಡಾಕ್ಟರ ಮಾತು ನೆನಪಿಸಿದೆ.

"ಈ ಮನೆ ವಿಷ್ಯ ಅವರಿಗೇನು ಗೊತ್ತು? ಕೊತ್ತಿ ಮನಗೈತೆ. ನೀನು ಕೂತ್ಕೊ."

ಮಂಚದಿಂದ ಇಳಿದರು. ಕಂಬ ಹಿಡಿದು, ಗೋಡೆ ಹಿಡಿದು, ನಿಂತು ನಿಂತು ಅಡಿಗೆಮನೆಗೆ ಹೋದರು. ಬಿಂದಿಗೆಯ ತಟ್ಟೆ ಸರಿಸಿದ ಸದ್ದು, ನೀರು ಬಗ್ಗಿಸಿದ ಸದ್ದು ಕೇಳಿಸಿತು. ಬರುವಾಗ ಕೈಯಲ್ಲಿ ಒಂದು ಲೋಟ ನೀರಿತ್ತು. ತಾವು ಅಲ್ಲೇ ಕುಡಿದು ಬಂದಿದ್ದರು. ಅದನ್ನು ನನ್ನ ಪಕ್ಕದಲ್ಲಿಟ್ಟು, ಏದುಸಿರು ಬಿಡುತ್ತಾ ಮಂಚ ಹತ್ತಿದರು.

ಅವರು ಎದ್ದು ನಡೆದದ್ದು ಅದೇ ಕೊನೆ. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು. ಆ ಮಧ್ಯಾಹ್ನ ನನಗೆ ಅಳು ಬಂದಿತ್ತು. ಆದರೂ ಏಳಲಿಲ್ಲ. ಅವರು ತಂದ ನೀರನ್ನು ಕೂತೇ ಕುಡಿದೆ.