ಚಿಗವ್ವ ಹೇಳದ ಹೆಸರು

ಚಿಗವ್ವನ ಬಲಗೈ ತೋರುಬೆರಳಿನಲ್ಲಿ ನೂಲು ಕೊರೆದ ಒಂದು ಗೆರೆಯಿತ್ತು. ಬೆಟಗೇರಿಯ ಮಗ್ಗದ ಮನೆಗೆ ಸೊಸೆಯಾಗಿ ಬಂದಂದಿನಿಂದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬಿದ್ದ ಗೆರೆ. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೂ ಹರಿದ ಎಳೆಯನ್ನು ಆ ಬೆರಳೇ ಹುಡುಕಿ ಗಂಟು ಹಾಕುತ್ತಿತ್ತು. ಆಕೆ ನನಗೆ ಸಂಬಂಧಿಯಲ್ಲ, ಪಕ್ಕದ ಮನೆಯವಳು. ನನ್ನ ತಾಯಿ ತೀರಿಕೊಂಡ ವರ್ಷ ನನ್ನನ್ನು ಕರೆದು ರೊಟ್ಟಿ ಹಾಕಿದಳು, ಅಂದಿನಿಂದ ಚಿಗವ್ವ ಆದಳು.

ಗಂಡನನ್ನು ಆಕೆ 'ಮಾಲಕರು' ಎನ್ನುತ್ತಿದ್ದಳು. ಮಾಲಕರು ಸೀರೆಯ ಗಂಟು ಹೊತ್ತು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಿರುಗುವ ಮನುಷ್ಯ. ಮಧ್ಯಾಹ್ನ ಅವರು ಉಂಡರೋ ಇಲ್ಲವೋ ಎಂದು ಕೇಳದೆ ಈಕೆ ತುತ್ತು ಎತ್ತುತ್ತಿರಲಿಲ್ಲ. ಕಣ್ಣು ಹೋದ ಮೇಲೆ, ಬಾಯಲ್ಲಿ ಹೇಳಿದರೆ ತಾನೇ ಕರೆ ಮಾಡುವ ಫೋನ್ ತಂದುಕೊಟ್ಟರು. ಪೇಚಾಟ ಶುರುವಾದದ್ದೇ ಆಗ.

"ನಮ್ಮ ಮಾಲಕರಿಗೆ ಫೋನ್ ಹಚ್ಚವಾ" ಎಂದರೆ ಅದು ಗದಗಿನ ಯಾವ ಯಾವುದೋ ಅಂಗಡಿ ಮಾಲೀಕರ ಹೆಸರು ಓದುತ್ತಿತ್ತು. ಒಮ್ಮೆ ಟಾರ್ಚ್ ಹೊತ್ತಿಸಿಬಿಟ್ಟಿತು. ಚಿಗವ್ವನಿಗೆ ಕಾಣದ ಆ ಬೆಳಕು ಸಂಜೆಯವರೆಗೆ ಉರಿಯಿತು. ಯಾವ ಸೀಮೆಯ ಕನ್ನಡವೋ ಅದರದು, "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದು ನಯವಾಗಿ ಜಾರಿಕೊಳ್ಳುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ಚಿಗವ್ವನಿಗೆ ಇಲ್ಲ.

"ಪಾಪ, ಪರದೇಶದಾಕಿ. ನಮ್ಮ ಮಾತು ಆಕಿಗೆ ಹೆಂಗ ತಿಳೀಬೇಕು?"

ಅದಕ್ಕೆ ತಿಳಿಯುತ್ತಿದ್ದದ್ದು ಮಾಲಕರ ಹೆಸರೊಂದೇ. ನಾನು ಹೇಳಿ ನೋಡಿದೆ, ತಕ್ಷಣ ಕರೆ ಹೋಯಿತು. "ಹೆಸರು ಹೇಳಿದ್ರ ಸಾಕು ಚಿಗವ್ವಾ."

"ಗಂಡನ ಹೆಸರು ತೊಗೊಂಡ್ರ ಅವರ ಆಯುಷ್ಯ ಕಡಿಮಿ ಆಗ್ತೈತಿ ತಂಗಿ. ಅದೊಂದು ಹೇಳಬ್ಯಾಡ."

ಸೀಮಂತ, ಹಬ್ಬಗಳಲ್ಲಿ ಒಡಪು ಹಾಕಿ, ಪದ್ಯದ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಪುಣ್ಯಾತ್ಗಿತ್ತಿ ಅದನ್ನೂ ಮಾಡಿದಳು. ಸೆರಗು ಸರಿಮಾಡಿಕೊಂಡು, ಫೋನಿನ ಮುಂದೆ ರಾಗವಾಗಿ ಒಡಪು ಎತ್ತಿಕೊಂಡಳು. ಹೆಸರು ಬರುವ ಮೊದಲೇ ಅದು "ಕ್ಷಮಿಸಿ" ಎಂದು ನಡುವೆ ಬಾಯಿ ಹಾಕಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಮೇಲೆ ದಿನಾ ಮಧ್ಯಾಹ್ನ ನಾನೇ ಹೋಗಿ ಹೆಸರು ಹೇಳಿ ಬರುತ್ತಿದ್ದೆ.

ಕಳೆದ ವರ್ಷ ಒಂದು ದಿನ ಕೆಲಸದ ಮೇಲೆ ಹುಲಕೋಟಿಗೆ ಹೋದ ನಾನು ಬರುವಷ್ಟರಲ್ಲಿ ಸಂಜೆಯಾಗಿತ್ತು. ಮಾಲಕರು ಇನ್ನೂ ಬಂದಿರಲಿಲ್ಲ. ಬಾಗಿಲ ಬಳಿ ಬಂದಾಗ ಒಳಗಿನಿಂದ ಚಿಗವ್ವನ ದನಿ ಕೇಳಿತು. ಒಡಪಿಲ್ಲ, ರಾಗವಿಲ್ಲ, ಬರೀ ಹೆಸರು. ಫೋನ್ ಒಂದೇ ಮಾತಿಗೆ ತಿಳಿದುಕೊಂಡಿತು.

ಆ ಕಡೆ ಎತ್ತಿದವರು ಬೇರೆ ಯಾರೋ. ಮಾಲಕರು ಮಧ್ಯಾಹ್ನವೇ ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅವರ ಫೋನ್ ತೆರೆಯಲು ಬಾರದೆ, ಮನೆಯವರ ಕರೆಗಾಗಿ ಅಲ್ಲಿನವರು ಕಾಯುತ್ತ ಕೂತಿದ್ದರು.

"ನಾ ಹೆಸರು ತೊಗೊಂಡೆ ತಂಗಿ. ನಾನ ಕಳಕೊಂಡೆ."

"ಇಲ್ಲ ಚಿಗವ್ವಾ. ನೀ ಹೇಳೂದಕ್ಕಿಂತ ಮೊದಲ, ಮಧ್ಯಾಹ್ನನ ಹೋಗಿದ್ರು."

ಎಷ್ಟು ಸಲ ಹೇಳಿದೆನೋ. ತಲೆಯಾಡಿಸುತ್ತಿದ್ದಳು, ಮರುದಿನ ಮತ್ತೆ ಅದನ್ನೇ ಅನ್ನುತ್ತಿದ್ದಳು. ಕಂಡಿಕೆ ಮುಟ್ಟಲಿಲ್ಲ, ಫೋನನ್ನೂ ಮುಟ್ಟಲಿಲ್ಲ. ಊಟ ಮಾತ್ರ ನನ್ನ ಒತ್ತಾಯಕ್ಕೆ ಎರಡು ತುತ್ತು.

ಈ ಶ್ರಾವಣದಲ್ಲಿ ಚಿಗವ್ವನೂ ಹೋದಳು. ಹಿಂದಿನ ದಿನ ತಡವರಿಸಿ ನನ್ನ ಕೈ ಹಿಡಿದುಕೊಂಡು, "ಮಧ್ಯಾಹ್ನನ ಹೋಗಿದ್ರಲ್ಲ ತಂಗಿ? ಖರೆ ಹೇಳು" ಎಂದಳು.

"ಖರೇನ ಚಿಗವ್ವಾ" ಎಂದೆ.

ನಾನು ಹೇಳಿದ್ದು ನಿಜವೇ ಆಗಿತ್ತು. ಆದರೂ ಆಕೆ ನಂಬದೆಯೇ ಹೋದಳು.